ಬೈಲಕುಪ್ಪೆಯಲ್ಲಿ ರೂಮು ಕೊಡಬಹುದೇ?

ಗೋಲ್ಡನ್ ಟೆಂಪಲ್ ನೋಡಲು ಬಂದ ಎಷ್ಟೋ ವಿದೇಶಿಯರು ಸಂಜೆಯಾಗುತ್ತಲೇ ಆಟೊ ಹತ್ತಿ ಕುಶಾಲನಗರದ ಲಾಡ್ಜಿಗೆ ಹೋಗುತ್ತಾರೆ. ಬೈಲಕುಪ್ಪೆಯಲ್ಲಿ ರೂಮಿಲ್ಲವೆಂದಲ್ಲ. 1960ರ ದಶಕದಿಂದ ಬೆಳೆದ ಈ ಟಿಬೆಟನ್ ಕ್ಯಾಂಪುಗಳಲ್ಲಿ ವಿದೇಶಿಯರು ರಾತ್ರಿ ತಂಗಲು ಕೇಂದ್ರ ಗೃಹ ಸಚಿವಾಲಯದ ಪಿಎಪಿ, ಅಂದರೆ ಸಂರಕ್ಷಿತ ಪ್ರದೇಶದ ಪರ್ಮಿಟ್, ಬೇಕು. ಹಗಲು ಬಂದು ಹೋಗುವವರಿಗೆ ಬೇಡ.

ಇಲ್ಲಿನ ಗೆಸ್ಟ್‌ಹೌಸೊಂದಕ್ಕೆ ಬುಕಿಂಗ್ ಸಾಫ್ಟ್‌ವೇರ್ ಬರೆಯಬೇಕು ಅಂದುಕೊಳ್ಳಿ. ‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ಕೋಡ್ ಬರೆಯತೊಡಗಿದರೆ ಮೂರನೇ ‘ಇಲ್ಲದಿದ್ದರೆ’ ಯಾವ ‘ಇದ್ದರೆ’ಗೆ ಸೇರಿದ್ದೆಂದು ಬರೆದವನಿಗೇ ಮರೆತುಹೋಗುತ್ತದೆ. ಅದರ ಬದಲು ನಿಯಮವನ್ನೆಲ್ಲ ಒಂದು ನಿರ್ಧಾರ ಕೋಷ್ಟಕಕ್ಕೆ, ಅಂದರೆ ಡಿಸಿಷನ್ ಟೇಬಲ್‌ಗೆ, ಇಳಿಸಬಹುದು:

| ವಿದೇಶಿಯೇ? | ರಾತ್ರಿ ತಂಗುವರೇ? | ಪಿಎಪಿ ಇದೆಯೇ? | ತೀರ್ಮಾನ |
|---|---|---|---|
| ಅಲ್ಲ | – | – | ತೊಂದರೆಯಿಲ್ಲ |
| ಹೌದು | ಇಲ್ಲ | – | ತೊಂದರೆಯಿಲ್ಲ |
| ಹೌದು | ಹೌದು | ಇದೆ | ರೂಮು ಕೊಡಿ, 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ವರದಿ ಮಾಡಿ |
| ಹೌದು | ಹೌದು | ಇಲ್ಲ | ಬುಕಿಂಗ್ ಬೇಡ |

ಅಡ್ಡಗೆರೆ ಎಂದರೆ ‘ಯಾವುದಾದರೂ ಸರಿ’. ಹೌದು–ಇಲ್ಲ ಎಂಬ ಮೂರು ಪ್ರಶ್ನೆಗಳಿಂದ ಒಟ್ಟು 8 ಸಂದರ್ಭಗಳು ಹುಟ್ಟುತ್ತವೆ. ಸಾಲೊಂದರಲ್ಲಿ ಒಂದು ಗೆರೆಯಿದ್ದರೆ ಅದು 2 ಸಂದರ್ಭಕ್ಕೆ ಸಮ, ಎರಡಿದ್ದರೆ 4ಕ್ಕೆ. ಈಗ ಲೆಕ್ಕ ಹಾಕಿ: 4+2+1+1, ಸರಿಯಾಗಿ 8. ಮೊತ್ತ ಕಡಿಮೆ ಬಂದರೆ ಯಾವುದೋ ಸಂದರ್ಭ ಬಿಟ್ಟುಹೋಗಿದೆ, ಹೆಚ್ಚಾದರೆ ಎರಡು ಸಾಲುಗಳು ಒಂದೇ ಗಿರಾಕಿಗಾಗಿ ಜಗಳಕ್ಕೆ ನಿಂತಿವೆ. ಅಂಥ ಜಗಳ ಬಿಡಿಸಲು ‘ಮೊದಲು ಹೊಂದಿದ ಸಾಲೇ ಗೆದ್ದಿತು’ ಎಂಬ ಪದ್ಧತಿಯೂ ಉಂಟು. ಇಂಥ ಕೋಷ್ಟಕಗಳಿಗಾಗಿ 2015ರಲ್ಲಿ ಬಂದ ಡಿಎಂಎನ್ ಎಂಬ ಮಾನಕದಲ್ಲಿ ಇದಕ್ಕೆ ಜಾಗವಿದೆ. ನನಗದು ಹಿಡಿಸದು. ಸಾಲುಗಳನ್ನು ಹಿಂದುಮುಂದು ಮಾಡಿದರೆ ನಿಯಮವೇ ಬದಲಾಗಿಬಿಡುತ್ತದೆ.

ಕೋಷ್ಟಕದ ದೊಡ್ಡ ಲಾಭವೆಂದರೆ ಅದನ್ನು ಕೋಡ್ ಬಾರದ ಮ್ಯಾನೇಜರ್ ಕೂಡ ಓದಬಲ್ಲರು. ಓದಿದೊಡನೆ ತಕರಾರು ಶುರು. ‘ಪರ್ಮಿಟ್ 15ಕ್ಕೆ ಮುಗಿಯುತ್ತೆ, ಗೆಸ್ಟು 17ರವರೆಗೆ ಇರ್ತಾರೆ. ಅದು ಇದೆಯೋ ಇಲ್ಲವೋ?’ ಹಾಗಾಗಿ ಮೂರನೇ ಪ್ರಶ್ನೆ ‘ಎಲ್ಲ ರಾತ್ರಿಗಳಿಗೂ ಪಿಎಪಿ ಇದೆಯೇ?’ ಎಂದಾಗಬೇಕು. ಇನ್ನೊಂದು ತೊಡಕು: ಭಾರತೀಯ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಹಿಡಿದು ಅಮೆರಿಕದಿಂದ ಬಂದ ಮೈಸೂರಿಗರು ಕೌಂಟರಿನಲ್ಲಿ ಅಚ್ಚ ಕನ್ನಡ ಮಾತಾಡುತ್ತಾರೆ. ಹುಡುಗ ‘ವಿದೇಶಿ ಅಲ್ಲ’ ಎಂದು ಒತ್ತಿಬಿಡುತ್ತಾನೆ. ಒಸಿಐ ಇದ್ದರೂ ಅವರು ಭಾರತದ ಪ್ರಜೆಯಲ್ಲ, ಸಂರಕ್ಷಿತ ಪ್ರದೇಶಕ್ಕೆ ಅವರಿಗೂ ಅನುಮತಿ ಬೇಕು. ಆದ್ದರಿಂದ ಮೊದಲ ಪ್ರಶ್ನೆ ‘ಯಾವ ದೇಶದ ಪಾಸ್‌ಪೋರ್ಟ್?’ ಎಂದಾಗಬೇಕು.

ಆಗ ಧರ್ಮಶಾಲಾದಿಂದ ನೆಂಟರನ್ನು ನೋಡಲೆಂದು ಬಂದ ಟಿಬೆಟನ್ ಅಜ್ಜಿಯೊಬ್ಬರು ಕೌಂಟರಿನ ಮುಂದೆ ನಿಲ್ಲುತ್ತಾರೆ. ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟೂ ಇಲ್ಲ, ಭಾರತ ಸರ್ಕಾರ ಕೊಟ್ಟ ನೋಂದಣಿ ಪತ್ರವಾದ ಆರ್‌ಸಿ ಇದೆ. ಮೊತ್ತ 8 ಬಂತೆಂದು ಬೀಗಿದ್ದ ನಮ್ಮ ಕೋಷ್ಟಕದಲ್ಲಿ ಅವರಿಗೆ ಸಾಲೇ ಇಲ್ಲ. ಪ್ರೋಗ್ರಾಮರ್ ಊಹೆಯಿಂದ ತುಂಬುವ ಮನೆಯಲ್ಲ ಅದು. ಐದನೇ ಸಾಲು ಎಳೆದು, ತೀರ್ಮಾನದ ಕಡೆ ಸದ್ಯಕ್ಕೆ ‘ಅಧಿಕಾರಿಯನ್ನು ಕೇಳಿ’ ಎಂದಷ್ಟೇ ಬರೆಯಬೇಕು.