ಮೀಟರ್ ಬೋರ್ಡ್ ಮಂಕಾದರೆ ಬಲ್ಬನ್ನು ದೂರಬೇಡಿ

ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿಯ ಆಸುಪಾಸಿನಲ್ಲಿ. ವೇಷದ ಪೆಟ್ಟಿಗೆ ಹೊತ್ತು ಊರೂರು ಸುತ್ತುವ, ರಾತ್ರಿಯಿಡೀ ಕುಣಿದು ದಣಿದವರಿಗೆ ದಾರಿಯಲ್ಲಿ ನಿದ್ದೆಗೂ ಜಾಗ ಕೊಡುವ ಮೇಳದ ವಾಹನಗಳೇ ನಮ್ಮ ಕಡೆಯ ಸಂಚಾರಿ ಮನೆಗಳು. ಮಳೆಗಾಲದಲ್ಲಿ ಅವಕ್ಕೆ ಹೆಚ್ಚು ಓಡಾಟವಿಲ್ಲ. ವಾಮದಪದವು, ವೇಣೂರು, ಸಿದ್ದಕಟ್ಟೆಯ ಅಂಗಳಗಳಲ್ಲಿ ಹಳೆಯ ಜೀಪು, ಟೆಂಪೋ, ಓಮ್ನಿಗಳೂ ತಾರ್ಪಾಲಿನಡಿಯಲ್ಲಿ ತಿಂಗಳುಗಟ್ಟಲೆ ನಿಂತುಬಿಡುತ್ತವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ದಕ್ಷಿಣ ಕನ್ನಡ ಜಿಲ್ಲೆಯಿದು. ಮಳೆ ಬಿಟ್ಟ ಮೇಲೆ ಬ್ಯಾಟರಿ ಚಾರ್ಜ್ ಮಾಡಿ ಗಾಡಿ ಹೊರಗೆ ತೆಗೆದರೆ ಎಂಜಿನ್ ಏಳುತ್ತದೆ, ಹೆಡ್‌ಲೈಟ್ ಉರಿಯುತ್ತದೆ, ಮೀಟರ್ ಬೋರ್ಡ್ ಮಾತ್ರ ಮಂಕು.

ಇದನ್ನು ಸಣ್ಣ ತೊಂದರೆಯೆಂದು ಬಿಡುವವರೇ ಹೆಚ್ಚು. ಆದರೆ ರಾತ್ರಿ ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿದ್ದು ಚಾಲಕನಿಗೆ ಕಾಣದಿದ್ದರೆ ಸುಡುವುದು ಐವತ್ತು ರೂಪಾಯಿಯ ಬಲ್ಬಲ್ಲ, ಹೆಡ್ ಗ್ಯಾಸ್ಕೆಟ್. ಎಣ್ಣೆಯ ಒತ್ತಡದ ಮುಳ್ಳಿಗೂ ಇದೇ ಮಾತು.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಉಳಿದ ದೀಪಗಳನ್ನು ನೋಡಿ. ಬಹಳಷ್ಟು ಗಾಡಿಗಳಲ್ಲಿ ಮೀಟರ್ ಲೈಟಿಗೆ ಕರೆಂಟ್ ಬರುವುದು ಪಾರ್ಕಿಂಗ್ ಲೈಟಿನ ಸ್ವಿಚ್ಚಿನ ಕಡೆಯಿಂದ. ಹಿಂದಿನ ಕೆಂಪು ದೀಪವೂ ಸತ್ತಿದ್ದರೆ ಫ್ಯೂಸು ಅಥವಾ ಸ್ವಿಚ್ಚು ಕೆಟ್ಟಿರಬಹುದು. ಅದು ಸರಿಯಿದ್ದು ಬೋರ್ಡಿನ ದೀಪಗಳಷ್ಟೇ ಪೂರ್ತಿ ಆರಿದ್ದರೆ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರಿನ ಮೇಲೆ ಅನುಮಾನ ಪಡಬೇಕು. ಹಳೆಯ ಡಿಮ್ಮರಿನೊಳಗೆ ಇರುವುದು ಸುರುಳಿ ಸುತ್ತಿದ ತಂತಿ, ಅದರ ಮೇಲೆ ಜಾರುವ ಒಂದು ಲೋಹದ ನಾಲಗೆ. ಅಲ್ಲಿ ಕಪ್ಪು ಪದರ ಕಟ್ಟಿದ್ದರೆ ಗುಂಡಿಯನ್ನು ಹಿಂದೆ ಮುಂದೆ ನಾಲ್ಕಾರು ಸಲ ತಿರುಗಿಸಿದಾಗ ದೀಪ ಮಿಣುಕುತ್ತದೆ. ಒಂದೇ ಬಲ್ಬ್ ಆರಿದ್ದರೆ ಬಲ್ಬ್ ಅಥವಾ ಅದರ ಹೋಲ್ಡರ್. ಎಲ್ಲವೂ ಒಟ್ಟಿಗೆ ಮಂಕಾಗಿದ್ದು, ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಡೀಸೆಲ್ ಮುಳ್ಳು ಅಲ್ಲಾಡುತ್ತಿದ್ದರೆ ಮೊದಲು ನೋಡಬೇಕಾದದ್ದು ಅರ್ತ್.

ಈ ಅರ್ತಿನ ಬಗ್ಗೆ ನಿಧಾನವಾಗಿ ಹೇಳಬೇಕು. ವಾಹನದಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆಯಿಂದ ದೀಪಕ್ಕೆ ತಂತಿ ಬರುತ್ತದೆ. ದೀಪದಿಂದ ಕರೆಂಟ್ ಹಿಂದಿರುಗುವುದು ಸಾಮಾನ್ಯವಾಗಿ ಬಾಡಿಯ ಕಬ್ಬಿಣದ ಮೂಲಕ. ಬೋರ್ಡಿನ ಎಲ್ಲ ಬಲ್ಬುಗಳೂ ಸೇರಿ ಒಂದೇ ಕಪ್ಪು ತಂತಿ, ಅದರ ತುದಿಗೆ ಒಂದು ಲಗ್, ಲಗ್ಗನ್ನು ಬಾಡಿಗೆ ಬಿಗಿದ ಒಂದು ಸ್ಕ್ರೂ. ಆ ಲಗ್ಗನ್ನು ಬಿಚ್ಚಿ ನೋಡಿದರೆ ತಾಮ್ರದ ಮೇಲೆ ಹಸಿರು ಕಿಲುಬು, ಸ್ಕ್ರೂವಿನ ಸುತ್ತ ಕಂದು ತುಕ್ಕು. ಎರಡು ಬೇರೆ ಲೋಹಗಳ ನಡುವೆ ತೇವ ನಿಂತರೆ ಅಲ್ಲೇ ಒಂದು ಸಣ್ಣ ಬ್ಯಾಟರಿ ಹುಟ್ಟುತ್ತದೆ; ತಾಮ್ರದ ಪಕ್ಕದ ಕಬ್ಬಿಣ ಎಂದಿಗಿಂತ ಬೇಗ ಸವೆಯುತ್ತದೆ. ಕಿಲುಬೂ ತುಕ್ಕೂ ಕರೆಂಟನ್ನು ಸುಲಭವಾಗಿ ಬಿಡುವ ವಸ್ತುಗಳಲ್ಲ.

ಇದರ ಪರಿಣಾಮ ಎಷ್ಟು ದೊಡ್ಡದು ನೋಡಿ. 12 ವೋಲ್ಟಿನ ಗಾಡಿಯಲ್ಲಿ 3 ವ್ಯಾಟಿನ ಐದು ಬಲ್ಬುಗಳಿವೆ ಎನ್ನೋಣ. ಒಟ್ಟು 15 ವ್ಯಾಟ್, ಅಂದರೆ ಒಂದೂಕಾಲು ಆಂಪಿಯರ್ ಕರೆಂಟ್. ಆ ಒಂದು ಸ್ಕ್ರೂವಿನಲ್ಲಿ ಬರೇ 2 ಓಮ್ ತಡೆ ಬೆಳೆದರೂ ಎರಡು ವೋಲ್ಟಿಗಿಂತ ಹೆಚ್ಚು ಅಲ್ಲೇ ಕರಗಿ, ಬಲ್ಬಿಗೆ ಸಿಗುವುದು ಹತ್ತು ವೋಲ್ಟಿಗೂ ಕಡಿಮೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಲೆಕ್ಕದಲ್ಲಿ ನಿಧಾನವಾಗಿ ಇಳಿಯುವುದಿಲ್ಲ, ಅದರ ಮೂರೂವರೆ ಘಾತದಷ್ಟು ವೇಗದಲ್ಲಿ ಬೀಳುತ್ತದೆ. ಹಾಗಾಗಿ ವೋಲ್ಟೇಜ್ ಐದರಲ್ಲೊಂದು ಪಾಲು ಇಳಿಯುವಷ್ಟರಲ್ಲಿ ಬೆಳಕು ಅರ್ಧಕ್ಕಿಳಿದಿರುತ್ತದೆ. ಹೊಸ ಬಲ್ಬ್ ಹಾಕಿದರೂ ಮಂಕು ಹೋಗದಿರುವ ಗುಟ್ಟು ಇದೇ.

ಪತ್ತೆ ಮಾಡುವಾಗ ಮಲ್ಟಿಮೀಟರ್ ಕೂಡ ದಾರಿ ತಪ್ಪಿಸಬಲ್ಲದು. ಬೋರ್ಡಿನ ಬಲ್ಬುಗಳನ್ನೆಲ್ಲ ಕಳಚಿ ಹೋಲ್ಡರಿಗೆ ಮೀಟರ್ ಹಿಡಿದರೆ ಅದು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟ್ ತೀರಾ ಅಲ್ಪ. ಅಷ್ಟಕ್ಕೆ ಕಿಲುಬು ಅಡ್ಡ ಬರುವುದಿಲ್ಲ. ಆದ್ದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಬಲ್ಬಿನ ಅರ್ತ್ ಬದಿಗೆ. 0.2 ವೋಲ್ಟಿನೊಳಗೆ ಇದ್ದರೆ ಅರ್ತ್ ಸರಿ. ಒಂದೋ ಎರಡೋ ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ. ಗ್ಯಾರೇಜಿನವರು ಇಂದಿಗೂ ಟೆಸ್ಟ್ ಲ್ಯಾಂಪನ್ನೇ ನಂಬುವುದರಲ್ಲಿ ಒಳ್ಳೆಯ ವಿಜ್ಞಾನವಿದೆ: ಅದು ನಿಜವಾದ ಕರೆಂಟ್ ಎಳೆದು ಪರೀಕ್ಷಿಸುತ್ತದೆ.

ಬಿಚ್ಚುವ ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಸಣ್ಣ ಬಲ್ಬಿನ ವಯರಿಂಗಿನಲ್ಲೂ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಸುವ ತಾಕತ್ತು ಬ್ಯಾಟರಿಗಿದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಇಲಿ ಕಡಿದ ತಂತಿ ಹುಡುಕಬೇಕೇ ಹೊರತು ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಬಾರದು. ಮಲಗಿದವರಿರುವ ಗಾಡಿಗೆ ಬೆಂಕಿ ಬೀಳುವ ದಾರಿ ಅದು. ಲಗ್ಗನ್ನೂ ಬಾಡಿಯ ಲೋಹವನ್ನೂ ಹೊಳೆಯುವಂತೆ ಉಜ್ಜಿ, ನಕ್ಷತ್ರಾಕಾರದ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಮುಂದಿನ ಮಳೆಗಾಲಕ್ಕೆ ತೇವ ಸುಲಭವಾಗಿ ಒಳಹೊಗದು.

ಎಲ್‌ಇಡಿ ಹಾಕೋಣವೇ ಎಂದು ಹಲವರು ಕೇಳುತ್ತಾರೆ. ಬೆಳಕಿಗೆ ಹಾಕಬಹುದು, ಗಾಡಿ 12 ವೋಲ್ಟಿನದೋ, ದೊಡ್ಡ ಬಸ್ಸುಗಳಂತೆ 24 ವೋಲ್ಟಿನದೋ ನೋಡಿಕೊಳ್ಳಿ, ಪಾಸಿಟಿವ್ ನೆಗೆಟಿವ್ ಅದಲುಬದಲಾದರೆ ಉರಿಯುವುದಿಲ್ಲ. ಆದರೆ ಬ್ಯಾಟರಿ ಚಿತ್ರವಿರುವ ಕೆಂಪು ಬಲ್ಬನ್ನು ಮಾತ್ರ ಮುಟ್ಟಬೇಡಿ. ಅನೇಕ ಹಳೆಯ ವಾಹನಗಳಲ್ಲಿ ಆಲ್ಟರ್ನೇಟರ್ ಕೆಲಸ ಶುರುಮಾಡಲು ಬೇಕಾದ ಮೊದಲ ಕರೆಂಟ್ ಹೋಗುವುದು ಆ ಬಲ್ಬಿನ ಫಿಲಮೆಂಟಿನ ಮೂಲಕವೇ. ಅಲ್ಲಿ ಎಲ್‌ಇಡಿ ಕೂತರೆ ಆ ಕರೆಂಟ್ ಸಾಲದೆ ಚಾರ್ಜಿಂಗ್ ಶುರುವಾಗದೇ ಇರಬಹುದು. ಆಗ ಬೋರ್ಡು ಬೆಳಗುತ್ತಿದ್ದರೂ ಬ್ಯಾಟರಿ ದಾರಿಯಲ್ಲೇ ಬರಿದಾಗುತ್ತದೆ.