ಓಟಕ್ಕೊಂದು ಗಟ್ಟಿಮುಟ್ಟಾದ ವಾಚು

ಹಾಲು ಕಾಯಿಸುವ ಮುಂಚಿನ ಅರ್ಧ ಗಂಟೆಯನ್ನು ನಿಮ್ಮ ಓಟಕ್ಕೆಂದೇ ತೆಗೆದಿಟ್ಟಿದ್ದೀರಾ? ಬಹಳ ಸಂತೋಷ! ಹೊತ್ತು ಮೀರಿದರೆ ಮನೆಯವರ ಡಬ್ಬಿ ತಡವಾದೀತು. ಕೈಯಲ್ಲೊಂದು ವಾಚು ಬೇಕೇ ಬೇಕು. ಚಿನ್ನದ ಬಣ್ಣದ ಪುಟ್ಟ ವಾಚು ಮದುವೆಮನೆಗಿರಲಿ. ಓಟಕ್ಕೆ ಬೆವರು, ಮಳೆ, ಪೆಟ್ಟು ತಾಳುವ ಡಿಜಿಟಲ್ ವಾಚೇ ಸರಿ.

ಕೊಳ್ಳುವಾಗ ಬರಹ ಓದಿ ನೋಡಿ. ‘30 ಮೀಟರ್’ ಎಂದಿದ್ದರೆ ಅಷ್ಟು ಆಳಕ್ಕೆ ಇಳಿಯಬಹುದೆಂದಲ್ಲ. ನೀರು ಸಿಡಿದರೆ ತಡೆದೀತು, ಅಷ್ಟೆ. ಮಳೆಗಾಲದಲ್ಲೂ ಓಡುವವರಿಗೆ 50 ಮೀಟರಾದರೂ ಇರಲಿ. ಚರ್ಮದ ಪಟ್ಟಿ ಬೆವರಿಗೆ ಹಾಳಾಗುತ್ತದೆ, ರಬ್ಬರಿನಂಥದ್ದು ಒಳ್ಳೇದು. ಗಾಜು ಅಂಚಿಗಿಂತ ತಗ್ಗಿನಲ್ಲಿದ್ದರೆ ಬಿದ್ದಾಗ ಪೆಟ್ಟು ಅಂಚಿಗೇ ತಾಗುತ್ತದೆ.

ತಂದೆ ಕೊಟ್ಟ ವಾಚು ಬಿದ್ದು ಒಡೆದದ್ದೇ ನೆಪವಾಗಿ ಜಪಾನಿನ ಕಿಕುವೊ ಇಬೆ ಬಿದ್ದರೂ ಕೆಡದ ವಾಚಿನ ಬೆನ್ನು ಹತ್ತಿದರು. ಅದೇ 1983ರಲ್ಲಿ ಬಂದ ಕ್ಯಾಸಿಯೋ ಕಂಪನಿಯ ಜಿ-ಶಾಕ್. ಅಷ್ಟು ದುಡ್ಡು ಬೇಡವೆಂದರೆ ಅದೇ ಕಂಪನಿಯ ಎಫ್-91ಡಬ್ಲ್ಯೂ ಇದೆ. ತೂಕ ಸುಮಾರು 21 ಗ್ರಾಂ, ಸ್ಟಾಪ್‌ವಾಚೂ ಉಂಟು, ಸೆಲ್ಲು ಸುಮಾರು 7 ವರ್ಷ ಬರುತ್ತದೆ. ಆದರೆ ಈಜಿಗೆ ಅದು ಬೇಡ.

ಓಡಿ ಬಂದ ಮೇಲೆ ಒದ್ದೆ ಬಟ್ಟೆಯಿಂದ ಬೆವರು ಒರೆಸಿ. ಸೆಲ್ಲು ಬದಲಿಸುವಾಗ ಒಳಗಿನ ರಬ್ಬರ್ ವಾಷರನ್ನೂ ನೋಡಿಸಿ. ಅದು ಸವೆದಿದ್ದರೆ ಎಂಥ ವಾಚಿಗೂ ನೀರು ಹೊಕ್ಕೀತು!