ನಂಬರ್ ಐತಿ, ಕಾಗದ ಎಲ್ಲೈತಿ?

ರಾಮದುರ್ಗ ತಾಲೂಕಿನ ಸುರೇಬಾನದ ರೈತ ಸಾಲ ಕೇಳಲು ಸೊಸೈಟಿಯ ಮೆಟ್ಟಿಲು ಹತ್ತಿದರೆ ಮೊದಲು ಬರುವ ಮಾತು, ‘ಉತಾರ ತಂದೀರೇನ್ರಿ?’ ಮೈಸೂರು ಸೀಮೆಯವರ ಪಹಣಿ, ಸರಕಾರಿ ಕಾಗದದ ಆರ್‌ಟಿಸಿ, ಬೆಳಗಾವಿ ಜಿಲ್ಲೆಯವರ ಬಾಯಲ್ಲಿ ಇಂದಿಗೂ ಉತಾರವೇ. ಅದರ 9ನೇ ಕಾಲಮಿನಲ್ಲಿ ಹೊಲದ ಒಡೆಯನ ಹೆಸರು, 10ರಲ್ಲಿ ಹೊಲ ಅವನ ಕೈಗೆ ಬಂದ ಬಗೆ, 11ರಲ್ಲಿ ಬೋಜಾ, ಅಂದರೆ ಹೊಲದ ಮೇಲೆ ಯಾವ ಬ್ಯಾಂಕಿನ, ಯಾವ ಸಂಘದ ಸಾಲ ಇದೆ ಎಂಬುದು. ಹೆಸರಿನ ಆಸುಪಾಸಿನಲ್ಲೇ ಎಂ.ಆರ್. ಎಂದೋ, ಹಳೆಯ ಬರಹದಲ್ಲಾದರೆ ಎಂ.ಇ. ಎಂದೋ ಒಂದು ಸಣ್ಣ ನಂಬರು ಕೂತಿರುತ್ತದೆ. ತಂಟೆ ಏಳುವ ತನಕ ಅದನ್ನು ಯಾರೂ ನೋಡುವುದಿಲ್ಲ.

ತಂಟೆ ಎದ್ದಾಗ ಮಾತ್ರ ಆ ನಂಬರಿಗೆ ಜೀವ ಬರುತ್ತದೆ. ವಾರಸಾ ಮಾಡುವಾಗ ತಂಗಿಯ ಹೆಸರು ಯಾಕೆ ಬಿಟ್ಟುಹೋಯಿತು, ವಾಟಣಿ (ಪಾಲು) ಪತ್ರಕ್ಕೆ ಯಾರು ಯಾರು ಸಹಿ ಹಾಕಿದರು, ನೋಟಿಸು ಯಾರಿಗೆ ಮುಟ್ಟಿತು? ಉತಾರದಲ್ಲಿ ಇದಕ್ಕೆಲ್ಲ ಉತ್ತರವಿಲ್ಲ. ನಂಬರು ಹಿಡಿದು ಹಕ್ಕು ಬದಲಾವಣೆಯ ವಹಿಗೆ (ಎಂ.ಆರ್. ಎಂದರೆ ಅದೇ, ಮ್ಯುಟೇಶನ್ ರಿಜಿಸ್ಟರ್) ಹೋಗಬೇಕು, ವಹಿಯಿಂದ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ, ಅಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ಗಂಟು ಬಿಚ್ಚಿ ವರದಿ, ಹೇಳಿಕೆ, ನೋಟಿಸುಗಳ ತನಕ. ಡೇಟಾಬೇಸ್ ಕಟ್ಟುವವರು ಇಂದು ‘ಲಿಂಕ್’ ಎಂದು ಕರೆಯುವ ವ್ಯವಸ್ಥೆಯನ್ನು ನಮ್ಮ ತಲಾಠಿಗಳು (ಗ್ರಾಮ ಲೆಕ್ಕಿಗರು) ಮಸಿ ಮತ್ತು ದಾರದಲ್ಲಿ ನಡೆಸಿಕೊಂಡು ಬಂದಿದ್ದರು: ಸಾರಾಂಶ ಒಂದು ಕಡೆ, ಮೂಲ ಕಾಗದ ಇನ್ನೊಂದು ಕಡೆ, ನಡುವೆ ಒಂದು ನಂಬರು. ಈ ಲೇಖನ ಆ ನಡುವಿನ ನಂಬರಿನ ಬಗ್ಗೆ. ಸಣ್ಣ ಕಚೇರಿಗಳು ತಮ್ಮ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ಭರದಲ್ಲಿ ಕಾಗದಕ್ಕೆ ಕೊಡುವಷ್ಟು ಗಮನವನ್ನು ಈ ನಂಬರಿಗೆ ಕೊಡುತ್ತಿಲ್ಲ ಎಂಬುದು ನನ್ನ ತಕರಾರು.

ಹಳೆಯ ಪದ್ಧತಿಯನ್ನು ಹೊಗಳಿ ಕೂರುವ ಉದ್ದೇಶವಿಲ್ಲ. ಭಾವೆ ಮನೆತನದ ರಾಮದುರ್ಗ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಹೀಗಾಗಿ ಈ ಭಾಗದ ಹಳೆಯ ದಫ್ತರಗಳಲ್ಲಿ ಮರಾಠಿಯ ಮೋಡಿ ಲಿಪಿಯ ಕಾಗದಗಳು ಸಿಗುತ್ತವೆ. ನಂಬರು ಹಿಡಿದು ಸರಿಯಾದ ರುಮಾಲು ಬಿಚ್ಚಿದರೂ ಓದುವವರು ಬೇಕು. ಕಟ್ಟು ಎಲ್ಲಿಟ್ಟಿದೆ ಎಂಬುದು ಕುಲಕರ್ಣಿಯ ತಲೆಯಲ್ಲಿದ್ದರೆ, ಕುಲಕರ್ಣಿ ಹೋದ ದಿನ ಕಟ್ಟೂ ಹೋದಂತೆಯೇ.

ಕರ್ನಾಟಕದ ‘ಭೂಮಿ’ ಯೋಜನೆ ಕೈಹಾಕಿದ್ದು ಈ ಗಂಟಿಗೇ. 2000ದ ಆಸುಪಾಸಿನಲ್ಲಿ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಎನ್‌ಐಸಿಯ ತಂತ್ರಜ್ಞರ ಕೈಯಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಬರುವಂತಾಯಿತು. ಎಲ್ಲರೂ ನೆನಪಿಟ್ಟುಕೊಂಡದ್ದು ಆ 15 ರೂಪಾಯಿಯನ್ನು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಒಳಗಿನ ಇನ್ನೊಂದು ಏರ್ಪಾಡು. ಹಕ್ಕು ಬದಲಾವಣೆ ಮಾಡುವಾಗ ಕಂದಾಯ ನಿರೀಕ್ಷಕರು ಸಹಿ ಮಾಡಿದ ಮೂಲ ಆದೇಶವನ್ನೂ ಕಕ್ಷಿದಾರರಿಗೆ ಜಾರಿಯಾದ ನೋಟಿಸನ್ನೂ ಸ್ಕ್ಯಾನ್ ಮಾಡಿ ಆ ದಾಖಲೆಗೆ ಜೋಡಿಸುವ ಕ್ರಮ ಅದು. ‘ನಾನು ಹಾಗೆ ಬರೆದೇ ಇಲ್ಲ’ ಎಂದು ಮುಂದೆ ಯಾರೂ ಜಾರಿಕೊಳ್ಳಬಾರದು ಎಂಬುದು ಅದರ ಹಿಂದಿನ ಲೆಕ್ಕ. ಒಳಹೊಕ್ಕವರು ಯಾರು ಎಂಬುದಕ್ಕೆ ಬೆರಳಚ್ಚು, ಮಾಡಿದ್ದೇನು ಎಂಬುದಕ್ಕೆ ಕಾಗದದ ಚಿತ್ರ. ಸಬ್ ರಿಜಿಸ್ಟ್ರಾರ್ ಕಚೇರಿಗಳಿಗೆ ಬಂದ ‘ಕಾವೇರಿ’ ವ್ಯವಸ್ಥೆಯೂ ಖರೀದಿ ಪತ್ರಗಳನ್ನು ಹೀಗೆಯೇ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುತ್ತದೆ. ಇ.ಸಿ.ಯನ್ನು (ಆಸ್ತಿಯ ಋಣಭಾರ ಪತ್ರ) ಆನ್‌ಲೈನಿನಲ್ಲಿ ತೆಗೆಯುವವರಿಗೆ 2004ರ ಏಪ್ರಿಲ್‌ನಿಂದೀಚಿನದಷ್ಟೇ ಸಿಗುವುದೂ, ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಅಲೆಯುವುದೂ ಈ ಚರಿತ್ರೆಯ ಬಾಲ.

ಅದು ಸರಕಾರದ ಮಾತು, ಅಲ್ಲಿ ಸರ್ವರ್ ಇದೆ, ಸಿಬ್ಬಂದಿ ಇದೆ. ಸುರೇಬಾನದಂಥ ಊರಿನ ಒಂದು ಸೊಸೈಟಿಯನ್ನು ನೆನೆಸಿಕೊಳ್ಳಿ. ಒಂದು ಕೋಣೆ, ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್, ಆಗಾಗ ಹೋಗುವ ಕರೆಂಟು. ಯಾರೋ ಪರಿಚಯದ ಹುಡುಗ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಬರೆದುಕೊಟ್ಟ ಸದಸ್ಯರ ಪಟ್ಟಿ. ಹೆಸರು ಒತ್ತಿದರೆ ಉತಾರ ತೆರೆಯಬೇಕು, ಜಾಮೀನುದಾರನ ಹೆಸರು ಒತ್ತಿದರೆ ಅವನ ಕಾಗದ ತೆರೆಯಬೇಕು, ಆಸೆ ಇಷ್ಟೇ. ರೈತನದಾದರೆ ಉತಾರ, ಆಧಾರ್, ಬಾಕಿ ಇಲ್ಲವೆಂಬ ಬೇಬಾಕಿ ಪತ್ರ. ಆದರೆ ಸುರೇಬಾನ ನೇಕಾರರ ಊರೂ ಹೌದು. ಹೊಲವಿಲ್ಲದ ನೇಕಾರ ತರುವುದು ಮನೆ ಉತಾರ, ಪಂಚಾಯ್ತಿಯ ಇ-ಸ್ವತ್ತಿನ ಫಾರಂ 9 ಮತ್ತು 11. ಒಬ್ಬನಿಗೆ ಮೂರು ಕಾಗದ, ಇನ್ನೊಬ್ಬನಿಗೆ ಹನ್ನೊಂದು. ಹುಡುಗ ಸದಸ್ಯರ ಕೋಷ್ಟಕದಲ್ಲೇ ‘ಕಾಗದ 1’, ‘ಕಾಗದ 2’, ‘ಕಾಗದ 3’ ಎಂದು ಮನೆ ಹಾಕಿಕೊಟ್ಟಿದ್ದರೆ ನಾಲ್ಕನೆಯ ಕಾಗದಕ್ಕೆ ಜಾಗವೇ ಇಲ್ಲ. ಕಾಗದಗಳಿಗೆ ಬೇರೆಯೇ ಕೋಷ್ಟಕ ಇರಬೇಕು. ಒಂದು ಕಾಗದಕ್ಕೆ ಒಂದು ಸಾಲು, ಸಾಲಿನಲ್ಲಿ ಸದಸ್ಯನ ನಂಬರು, ಕಾಗದದ ಬಗೆ, ತಾರೀಖು, ಏರಿಸಿದವರ ಹೆಸರು.

ಕಾಗದದ ಚಿತ್ರವನ್ನು ಎಲ್ಲಿಡಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಡೇಟಾಬೇಸಿನ ಹೊಟ್ಟೆಯೊಳಗೇ ತುರುಕಿಬಿಟ್ಟರೆ ಎಲ್ಲ ಒಂದೇ ಕಡೆ ಇರುತ್ತದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆಕ್ಸೆಸ್‌ನಲ್ಲಿ ಅದಕ್ಕೆ ಒಎಲ್‌ಇ ಎಂಬ ಹಳೆಯ ದಾರಿ ಇದೆ, 2007ರಲ್ಲಿ ಬಂದ ಅಟ್ಯಾಚ್‌ಮೆಂಟ್ ಎಂಬ ಹೊಸ ದಾರಿಯೂ ಇದೆ. ಆದರೆ ಆಕ್ಸೆಸ್ ಫೈಲು 2 ಜಿಬಿಗಿಂತ ದೊಡ್ಡದಾಗಲಾರದು. ಲೆಕ್ಕ ಹಾಕಿ ನೋಡಿ. ಒಂದು ಕಾಗದ ಅರ್ಧ ಎಂಬಿ, ಒಬ್ಬ ಸದಸ್ಯನಿಗೆ ನಾಲ್ಕು ಕಾಗದ. ಸಾವಿರ ಸದಸ್ಯರಾಗುವ ಹೊತ್ತಿಗೆ ಕಣಜ ತುಂಬಿತು. ಒಎಲ್‌ಇ ದಾರಿ ಹಿಡಿದಿದ್ದರೆ ಅಷ್ಟರ ತನಕವೂ ಹೋಗುವುದಿಲ್ಲ, ಅದು ಚಿತ್ರದ ಜತೆಗೆ ತೋರಿಕೆಯ ಇನ್ನೊಂದು ಪ್ರತಿಯನ್ನೂ ಬಿಚ್ಚಿಟ್ಟ ರೂಪದಲ್ಲಿ ಸೇರಿಸಿಕೊಳ್ಳುತ್ತದೆ, ಕೆಲವು ನೂರು ಕೆಬಿಯ ಫೋಟೋ ಹಲವು ಎಂಬಿಯಾಗಿ ಉಬ್ಬುತ್ತದೆ. ಕರೆಂಟು ಹೋಗಿ ಆ ಒಂದು ಫೈಲು ಕೆಟ್ಟರೆ ಪಟ್ಟಿಯೂ ಹೋಯಿತು, ಕಾಗದವೂ ಹೋಯಿತು.

ಡೇಟಾಬೇಸ್ ಲೋಕದ ಹಿರಿಯ ಜಿಮ್ ಗ್ರೇ ತಮ್ಮ ಸಂಗಡಿಗರೊಂದಿಗೆ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಒಳಗೋ ಹೊರಗೋ ಎಂಬ ಇದನ್ನೇ ಅಳೆದು ನೋಡಿತ್ತು. 256 ಕೆಬಿಗಿಂತ ಚಿಕ್ಕವು ಡೇಟಾಬೇಸಿನೊಳಗೆ ಚೆನ್ನ, 1 ಎಂಬಿಗಿಂತ ದೊಡ್ಡವು ಹೊರಗೆ ಫೋಲ್ಡರಿನಲ್ಲಿ ಚೆನ್ನ, ನಡುವಿನವು ಸಂದರ್ಭ ನೋಡಿಕೊಂಡು. ಸದಸ್ಯನ ಪಾಸ್‌ಪೋರ್ಟ್ ಅಳತೆಯ ಫೋಟೋ ಒಳಗಿರಲಿ ಬಿಡಿ. ಹಲವು ಪುಟದ ಖರೀದಿ ಪತ್ರದ ಪಿಡಿಎಫ್ ಹೊರಗಿರಬೇಕು, ಒಳಗೆ ಅದರ ವಿಳಾಸ ಮಾತ್ರ.

ವಿಳಾಸ ಬರೆಯುವುದರಲ್ಲಿಯೂ ಸರಿ ತಪ್ಪುಗಳಿವೆ. ಸ್ಕ್ಯಾನ್ ಮಾಡಿದ ಫೈಲನ್ನು ಡೆಸ್ಕ್‌ಟಾಪಿನ ಮೇಲೆ ಇಳಿಸಿ ಅಲ್ಲಿಂದಲೇ ಲಿಂಕ್ ಕೊಡುವುದು ಎಲ್ಲ ಕಡೆ ಕಾಣುವ ರೂಢಿ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪಿನ ಪೂರ್ಣ ವಿಳಾಸದೊಳಗೆ ಲಾಗಿನ್ ಆದವರ ಹೆಸರು ಸೇರಿರುತ್ತದೆ. ಗುಮಾಸ್ತ ಬದಲಾಗಿ ಹೊಸಬನ ಹೆಸರಿನಲ್ಲಿ ಲಾಗಿನ್ ಮಾಡಿ, ಫೈಲುಗಳನ್ನು ಅವನ ಡೆಸ್ಕ್‌ಟಾಪಿಗೆ ಸಾಗಿಸಿದರೆಂದರೆ ಹಳೆಯ ಲಿಂಕುಗಳು ಒಂದೂ ತೆರೆಯುವುದಿಲ್ಲ. ಪೆನ್‌ಡ್ರೈವಿನದೂ ಅದೇ ಪಾಡು, ಈ ಕಂಪ್ಯೂಟರಿಗೆ ಅದು ‘ಇ’, ಪಕ್ಕದ್ದಕ್ಕೆ ‘ಎಫ್’. ‘ಲಿಂಕ್ ಐತ್ರಿ ಸರ, ಫೈಲ್ ತೆರೀವಲ್ದು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇಷ್ಟೇ. ಗೂಟವಿದೆ, ಹಗ್ಗವಿದೆ, ಎತ್ತು ಬೇರೆ ಕೊಟ್ಟಿಗೆಯಲ್ಲಿದೆ.

ಮದ್ದು ಸರಳ. ಫೋಲ್ಡರ್ ಎಲ್ಲಿದೆ ಎಂಬುದನ್ನು ಡೇಟಾಬೇಸಿನ ಒಂದೇ ಒಂದು ಜಾಗದಲ್ಲಿ ಬರೆಯಬೇಕು, ಪ್ರತಿ ಸಾಲಿನಲ್ಲಿ ಫೈಲಿನ ಹೆಸರಷ್ಟೇ ಇರಬೇಕು. ‘ತೆರೆ’ ಎಂಬ ಗುಂಡಿ ಒತ್ತಿದಾಗ ಎರಡನ್ನೂ ಕೂಡಿಸಿ ಫಾಲೋ ಹೈಪರ್‌ಲಿಂಕ್ ಎಂಬ ಆಜ್ಞೆಗೆ ಕೊಟ್ಟರೆ ಪಿಡಿಎಫ್ ಆಗಿದ್ದರೆ ಪಿಡಿಎಫ್ ಓದುವ ತಂತ್ರಾಂಶದಲ್ಲಿ, ಫೋಟೋ ಆಗಿದ್ದರೆ ಫೋಟೋ ತೋರಿಸುವುದರಲ್ಲಿ ತಾನಾಗಿ ತೆರೆಯುತ್ತದೆ. ನಾಳೆ ಫೋಲ್ಡರ್ ಬೇರೆ ಕಂಪ್ಯೂಟರಿಗೆ ಹೋದರೆ ತಿದ್ದಬೇಕಾದದ್ದು ಒಂದು ಸಾಲು, ನಾಲ್ಕು ಸಾವಿರ ಸಾಲುಗಳಲ್ಲ. ಎರಡು ಮೂರು ಕಂಪ್ಯೂಟರುಗಳಿದ್ದರೆ ಡ್ರೈವಿನ ಅಕ್ಷರ ನಂಬದೆ, ಫೋಲ್ಡರ್ ಇಟ್ಟುಕೊಂಡ ಯಂತ್ರದ ಹೆಸರಿನಿಂದಲೇ ವಿಳಾಸ ಶುರುಮಾಡಬೇಕು.

ಇನ್ನು ಫೈಲಿಗೆ ಏನು ಹೆಸರಿಡುವುದು? ನಮ್ಮ ಕಡೆಯ ಗುಮಾಸ್ತನಿಗೆ ಮೊದಲು ಹೊಳೆಯುವುದು ರಿ.ಸ. (ರೀ ಸರ್ವೆ) ನಂಬರು. ಹೊಲದ ನಂಬರು 45/2ಅ ಎಂದಿಟ್ಟುಕೊಳ್ಳಿ. ಆ ಓರೆಗೆರೆಯನ್ನು ವಿಂಡೋಸ್ ಫೈಲಿನ ಹೆಸರಿನಲ್ಲಿ ಒಪ್ಪುವುದೇ ಇಲ್ಲ. ಒಬ್ಬ 45-2ಅ ಎನ್ನುತ್ತಾನೆ, ಇನ್ನೊಬ್ಬ 45_2ಅ ಎನ್ನುತ್ತಾನೆ, ಮೂರನೆಯವ ಗೆರೆ ಬಿಟ್ಟು 452ಅ ಎಂದು ಬರೆದು ಬೇರೆಯೇ ಹೊಲ ಹುಟ್ಟಿಸುತ್ತಾನೆ. ನಂಬರಿನ ಗುರುತೆಂದು ಹ್ಯಾಶ್ ಚಿಹ್ನೆ ಹಾಕಿದರೋ, ಆಕ್ಸೆಸ್‌ನ ಹೈಪರ್‌ಲಿಂಕ್ ಅಂಕಣ ಅದೇ ಚಿಹ್ನೆಯಿಂದ ವಿಳಾಸದ ತುಂಡುಗಳನ್ನು ಬೇರ್ಪಡಿಸುವುದರಿಂದ ಅಲ್ಲಿಗೆ ವಿಳಾಸ ಮುರಿಯಿತು. ಸದಸ್ಯನ ಹೆಸರನ್ನು ಕನ್ನಡದಲ್ಲೇ ಇಡೋಣವೆಂದರೆ ಇನ್ನೊಂದು ಪೇಚು. ವಿಂಡೋಸ್‌ಗೆ ಯೂನಿಕೋಡ್ ಕನ್ನಡದ ಹೆಸರು ಒಪ್ಪಿಗೆ, ಆದರೆ ಆಕ್ಸೆಸ್‌ನೊಳಗಿನ ವಿಬಿಎ ಭಾಷೆಯಲ್ಲಿ ಫೈಲು ಇದೆಯೇ ಎಂದು ಕೇಳುವ ಹಳೆಯ ‘ಡಿರ್’ ಆಜ್ಞೆಗೆ ಕನ್ನಡ ಅಕ್ಷರಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿ ನಕಲು ಮಾಡಿದ ಹೆಸರುಗಳಂತೂ ಫೋಲ್ಡರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತವೆ. ಕನ್ನಡದ ಅಭಿಮಾನದಿಂದಲೇ ಹೇಳುತ್ತೇನೆ, ಫೈಲಿನ ಹೆಸರಿಗೆ ಕನ್ನಡ ಬೇಡ, ಇಂಗ್ಲಿಷೂ ಬೇಡ. 004521 ಎಂಬ ಬರೀ ಅಂಕಿ ಸಾಕು. ಆ ಅಂಕಿ ಯಾರ ಉತಾರ, ಯಾವ ಊರು, ಯಾವ ವರ್ಷ ಎಂಬುದನ್ನೆಲ್ಲ ಕೋಷ್ಟಕದಲ್ಲಿ ಅಚ್ಚುಕಟ್ಟಾಗಿ ಕನ್ನಡದಲ್ಲಿ ಬರೆದುಕೊಳ್ಳಬಹುದು. ಒಮ್ಮೆ ಕೊಟ್ಟ ಅಂಕಿಯನ್ನು, ಕಾಗದ ರದ್ದಾದರೂ, ಮತ್ತೆ ಬೇರೆ ಕಾಗದಕ್ಕೆ ಕೊಡಬಾರದು. ಎಂ.ಆರ್. ನಂಬರಿನ ಶಿಸ್ತೂ ಇದೇ ಅಲ್ಲವೇ!

ತೆರೆಯದ ಲಿಂಕು ಕಡೇಪಕ್ಷ ತಾನು ಕೆಟ್ಟಿದ್ದೇನೆಂದು ಹೇಳುತ್ತದೆ. ಹೆದರಬೇಕಾದದ್ದು ತೆರೆದು ಬೇರೆ ಕಾಗದ ತೋರಿಸುವ ಲಿಂಕಿಗೆ. ಫೋಲ್ಡರಿಗೆ ಕೈಹಾಕಬಲ್ಲ ಯಾರೇ ಆಗಲಿ ಹಳೆಯ ಫೈಲನ್ನು ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಇಟ್ಟರೆ ಡೇಟಾಬೇಸಿಗೆ ಅದರ ಸುಳಿವೂ ಹತ್ತುವುದಿಲ್ಲ. ಎರಡು ಲಕ್ಷದ ಜಾಮೀನು ಪತ್ರದ ಜಾಗದಲ್ಲಿ ಇಪ್ಪತ್ತು ಸಾವಿರದ್ದು ಕೂತಿರಬಹುದು. ಹಳೆಯ ಕಾಲದಲ್ಲಿ ವಹಿಯ ಹಾಳೆ ಕಿತ್ತರೆ ಹೊಲಿಗೆ ಹೇಳುತ್ತಿತ್ತು, ತಿದ್ದಿದರೆ ಮಸಿ ಹೇಳುತ್ತಿತ್ತು. ಪಿಡಿಎಫ್‌ಗೆ ಹೊಲಿಗೆಯೂ ಇಲ್ಲ, ಮಸಿಯೂ ಇಲ್ಲ. ಅದಕ್ಕೇ ಕಾಗದ ಏರಿಸುವ ಹೊತ್ತಿಗೇ ಅದರ ಎಸ್‌ಎಚ್‌ಎ-256 ಮೊತ್ತವನ್ನು ಲೆಕ್ಕ ಹಾಕಿ ಅದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಮೊತ್ತ ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲೇ ಇದಕ್ಕೆ ಬೇಕಾದ ಆಜ್ಞೆ ಇದೆ, ಕಾಸು ಖರ್ಚಿಲ್ಲ. ಜತೆಗೆ ಗುಮಾಸ್ತನಿಗೆ ಫೋಲ್ಡರಿನಲ್ಲಿ ಸೇರಿಸುವ ಹಕ್ಕು ಇರಲಿ, ಅಳಿಸುವ ಹಕ್ಕು ಬೇಡ. ಕಾರ್ಯದರ್ಶಿಗಳಿಗೆ ಇದು ಅವಮಾನ ಎನಿಸಬಾರದು. ‘ಭೂಮಿ’ಯಲ್ಲಿ ಅಧಿಕಾರಿಗಳೇ ಬೆರಳು ಒತ್ತಿ ಒಳಗೆ ಹೋಗುತ್ತಿದ್ದರು.

ವಾರಕ್ಕೊಮ್ಮೆ ಕೋಷ್ಟಕದ ಪ್ರತಿ ಸಾಲಿನ ಫೈಲು ಇದೆಯೇ ಎಂದೂ, ಫೋಲ್ಡರಿನ ಪ್ರತಿ ಫೈಲಿಗೆ ಸಾಲು ಇದೆಯೇ ಎಂದೂ ಎರಡೂ ಕಡೆಯಿಂದ ತಾಳೆ ನೋಡುವ ಸಣ್ಣ ಪ್ರೋಗ್ರಾಮ್ ಬರೆಸಿಕೊಳ್ಳಬೇಕು. ಸಾಲು ಅಳಿಸಿದರೆ ಫೈಲು ಅನಾಥವಾಗಿ ಉಳಿಯುತ್ತದೆ, ಫೈಲು ಅಳಿಸಿದರೆ ಸಾಲು ಸುಳ್ಳಾಗುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ನದಿದಂಡೆಯ ಊರುಗಳಿಗೆ ನುಗ್ಗಿದ್ದು ಇಲ್ಲಿಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಟ್ರಂಕಿನಲ್ಲಿದ್ದ ಕಾಗದ ಮುದ್ದೆಯಾದ ಮನೆಯವರಿಗೆ ಪ್ರತಿಯ ಬೆಲೆ ಗೊತ್ತು. ಆದರೆ ಬ್ಯಾಕಪ್ ಎಂದರೆ ಡೇಟಾಬೇಸಿನ ಒಂದು ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು ಎಂದೇ ಸಣ್ಣ ಕಚೇರಿಗಳ ನಂಬಿಕೆ. ಕಾಗದಗಳು ಹೊರಗಿನ ಫೋಲ್ಡರಿನಲ್ಲಿದ್ದರೆ ಹೀಗೆ ಉಳಿಯುವುದು ಬರೀ ವಿಳಾಸಗಳು. ಎರಡನ್ನೂ ಒಂದೇ ಹೊತ್ತಿನಲ್ಲಿ ನಕಲು ಮಾಡಿ, ಒಂದು ಪ್ರತಿಯನ್ನು ಹೊಳೆ ಮುಟ್ಟದ ಬೇರೆ ಊರಿನಲ್ಲಿಡಬೇಕು. ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಹತ್ತು ಹೆಸರು ಒತ್ತಿ, ಹತ್ತು ಕಾಗದ ಬರುತ್ತವೆಯೇ ನೋಡುವ ತನಕ ಅದನ್ನು ಬ್ಯಾಕಪ್ ಎನ್ನಬಾರದು.

ಈಗ ಈ ಮಾತು ಎತ್ತಲು ಒಂದು ಕಾರಣವಿದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಮಗ್ಗುಲಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ. ಅಂಥ ಸಂಘಗಳಲ್ಲಿ 63,000ವನ್ನು ಒಂದೇ ತಂತ್ರಾಂಶಕ್ಕೆ ತರಲು ಕೇಂದ್ರ ಸರಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೀಗೆ ಹಳೆಯದರಿಂದ ಹೊಸದಕ್ಕೆ ಲೆಕ್ಕ ಸಾಗಿಸುವಾಗ ಎಲ್ಲರ ಕಣ್ಣು ಇರುವುದು ಸದಸ್ಯರ ಹೆಸರು, ಷೇರು, ಸಾಲದ ಬಾಕಿಗಳ ಮೇಲೆ. ಮೂಲೆಯ ಹಳೆಯ ಕಂಪ್ಯೂಟರಿನ ‘ಸ್ಕ್ಯಾನ್’ ಎಂಬ ಫೋಲ್ಡರ್ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಯಂತ್ರ ಗುಜರಿಗೆ ಹೋಗುವ ಮುಂಚೆ ಕಾರ್ಯದರ್ಶಿಗಳು ಮಾಡಬೇಕಾದ ಕೆಲಸ ಇಷ್ಟು: ಫೈಲಿನ ಅಂಕಿ, ಸದಸ್ಯನ ಹಳೆಯ ನಂಬರು, ಹೊಸ ತಂತ್ರಾಂಶ ಕೊಟ್ಟ ಹೊಸ ನಂಬರು, ಕಾಗದದ ಬಗೆ, ಈ ನಾಲ್ಕೂ ಇರುವ ಪಟ್ಟಿಯೊಂದನ್ನು ಸಿಎಸ್‌ವಿ ರೂಪದಲ್ಲಿ ತೆಗೆಸಿ ಫೋಲ್ಡರಿನೊಳಗೇ ಇಡಬೇಕು, ಅದರ ಒಂದು ಪ್ರತಿಯನ್ನು ಮುದ್ರಿಸಿ ಠರಾವು ಪುಸ್ತಕಕ್ಕೆ ಅಂಟಿಸಬೇಕು. ಆಕ್ಸೆಸ್ ಇಲ್ಲದ ಯಂತ್ರದಲ್ಲಿಯೂ ಆಗ ಯಾವ ಕಾಗದ ಯಾರದೆಂದು ಓದಿ ತೆಗೆಯಬಹುದು.